ಗೆರೆಯಿಲ್ಲದ ಬೋಲ್ಟು

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ, ತಿಂಡಿ ಮುಗಿದು ಊಟ ಶುರುವಾಗದ ಅರ್ಧ ಗಂಟೆಯಲ್ಲಿ, ನಮ್ಮ ಹೋಟೆಲಿನಲ್ಲಿ ಹಿಟ್ಟು ರುಬ್ಬುವ ವಿಮಲಾ ಕೈಯನ್ನೂ ತೊಳೆಯದೆ ಮೂರನೆಯ ಟೇಬಲಿನ ಮುಂದೆ ಬಂದು ನಿಂತಳು. ಮದರಾಸಿನ ಪ್ಯಾರೀಸ್ ಕಾರ್ನರಿನ ಈ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮೇಲ್ವಿಚಾರಕನಾಗಿರುವ ನಾನು, ಹಿಟ್ಟಿನ ಕೈಯಲ್ಲಿ ಗಿರಾಕಿಗಳ ನಡುವೆ ಬಂದವರನ್ನು ಗದರುವುದುಂಟು. ಅವತ್ತು ಗದರಲಿಲ್ಲ. ಅವಳ ಮುಖ ಹಾಗಿತ್ತು.

ಮೂರನೆಯ ಟೇಬಲು ಕೌಸಲ್ಯಾಬಾಯಿಯವರದು. ಹೋಟೆಲಿನ ಮೇಲೆ, ಎರಡನೆಯ ಮಹಡಿಯಲ್ಲಿ ಅವರ ವಾಸ. ವಾಹನ ವಿಮೆಯ ಕಂಪನಿಯಲ್ಲಿ ಮೂವತ್ತೊಂದು ವರ್ಷ ಸರ್ವೇಯರ್ ಆಗಿದ್ದು, ಮುರಿದದ್ದು ಹೇಗೆ ಮುರಿಯಿತೆಂದು ಬರೆದೂ ಬರೆದೂ ನಿವೃತ್ತರಾದವರು. ಈಗ ಕಟ್ಟಡದವರು, ಬೀದಿಯವರು, ಒಮ್ಮೊಮ್ಮೆ ಪೊಲೀಸರೂ ತಮ್ಮ ತಮ್ಮ ಒಗಟುಗಳನ್ನು ತಂದು ಆ ಟೇಬಲಿನ ಮೇಲಿಡುತ್ತಾರೆ. ಅವರು ಅದನ್ನು ಬಿಡಿಸುತ್ತಾರೆ, ನಾನು ಕಾಫಿ ತಂದಿಡುತ್ತೇನೆ. ನಮ್ಮ ಪಾಲುದಾರಿಕೆಯ ಸ್ವರೂಪ ಅಷ್ಟೆ.

"ಅಮ್ಮಾ, ನಮ್ಮ ಸಂದೇಶನ ಮೇಲೆ ಇವತ್ತು ಸಂಜೆ ಆರು ಗಂಟೆಗೆ ಪೊಲೀಸ್ ಕಂಪ್ಲೇಂಟ್ ಕೊಡ್ತಾರಂತೆ. ಕೊಲ್ಲಲಿಕ್ಕೆ ನೋಡಿದ ಅಂತ ಬರ್ದಿದ್ದಾರಂತೆ. ಮಧ್ಯಾಹ್ನದ ರೈಲಿಗೆ ಊರಿಗೆ ಹೋಗಿಬಿಡು ಅಂದೆ. ಹೋಗುದಿಲ್ಲ ಅಂತಾನೆ."

"ಹೋಗೋದು ಬೇಡ," ಎಂದರು ಕೌಸಲ್ಯಾಬಾಯಿ. "ಹೋದರೆ ಅವರ ಕಂಪ್ಲೇಂಟಿಗೆ ಇವನೇ ಸೈನ್ ಹಾಕಿದ ಹಾಗೆ. ಕೂತುಕೊ. ಮೊದಲಿಂದ ಹೇಳು."

ಸಂದೇಶ್ ವಿಮಲಾಳ ಒಬ್ಬನೇ ಮಗ. ನಮ್ಮ ಅಡಿಗೆಮನೆಯ ಹೊಗೆ ಒಗ್ಗದೆ, ಪೆರಂಬೂರಿನಲ್ಲಿ ರೇಸಿಂಗ್ ಸೈಕಲ್ ರಿಪೇರಿಯ ಪುಟ್ಟ ಅಂಗಡಿ ಇಟ್ಟು ಮೂರು ವರ್ಷವಾಗಿತ್ತು. ಸತ್ಯಾತ್ಮ ಎಂಬ ಬ್ಯಾಂಕ್ ಅಧಿಕಾರಿಯ ಸೈಕಲಿಗೆ ಕಳೆದ ಶನಿವಾರ ಹೊಸ ಕಾರ್ಬನ್ ಹ್ಯಾಂಡಲ್‌ಬಾರ್ ಹಾಕಿ, ಲಿವರುಗಳನ್ನು ಕೂರಿಸಿ, ಮನೆಗೆ ತಲುಪಿಸಿದ್ದ. ಭಾನುವಾರ ಬೆಳಿಗ್ಗೆ ತಿರುವೊಟ್ಟಿಯೂರಿನ ಕಡಲ ರಸ್ತೆಯಲ್ಲಿ ಬಾರ್ ಬಲಗಡೆಯ ಲಿವರಿನ ಬುಡದಲ್ಲೇ ಪಟಾರನೆ ಮುರಿದು, ಸತ್ಯಾತ್ಮ ಉರುಳಿಬಿದ್ದು, ಹಿಂದೆ ಬರುತ್ತಿದ್ದ ಕಂಟೇನರ್ ಲಾರಿ ಅವನ ತಲೆಯಿಂದ ಮೊಳದ ದೂರದಲ್ಲಿ ನಿಂತಿತ್ತು. ಕತ್ತಿನ ಬುಡದ ಎಲುಬು ಮುರಿದಿತ್ತು. ಸೈಕಲ್ ಕ್ಲಬ್ಬಿನ ಇನ್ನೂರು ಜನರ ವಾಟ್ಸಾಪ್ ಗುಂಪಿನಲ್ಲಿ ಸಂದೇಶನ ಫೋಟೋ ಹಾಕಿ "ಇವನ ಕೈಗೆ ಸೈಕಲ್ ಕೊಡಬೇಡಿ" ಎಂದು ಬರೆದಿದ್ದರು. ಸೋಮವಾರದಿಂದ ಅಂಗಡಿಯ ಶಟರು ಮೇಲೆದ್ದಿರಲಿಲ್ಲ.

"ಕಾಂತಪ್ಪ," ಎಂದರು ಕೌಸಲ್ಯಾಬಾಯಿ ನನ್ನ ಕಡೆ ತಿರುಗಿ, "ಊಟದ ಹೊತ್ತಿಗೆ ಬೇರೆ ಯಾರಿಗಾದರೂ ಹೇಳಿ. ಆಟೋ ಕರೀರಿ. ಹೋಗುವಾಗ ಆ ತರಕಾರಿಯವನ ಕೊಕ್ಕೆ ತಕ್ಕಡಿ ಕೇಳಿ ತನ್ನಿ."

ಕೊಕ್ಕೆ ತಕ್ಕಡಿ ಏಕೆಂದು ನಾನು ಕೇಳಲಿಲ್ಲ. ಕೇಳಿದರೆ ಅವರು ಹೇಳುವುದಿಲ್ಲ, ಕೇಳದಿದ್ದರೆ ದಾರಿಯಲ್ಲಿ ತಾವೇ ಹೇಳುತ್ತಾರೆ. ಅವತ್ತು ಅದೂ ಆಗಲಿಲ್ಲ.

ಪೆರಂಬೂರಿನ ಅಂಗಡಿಯಲ್ಲಿ, ನಮಗಾಗಿ ಅರ್ಧ ಎತ್ತಿದ್ದ ಶಟರಿನ ಕೆಳಗೆ ಬಗ್ಗಿ ಒಳಹೋದೆವು. ಸಂದೇಶ್ ಎರಡು ದಿನ ನಿದ್ದೆಗೆಟ್ಟವನಂತಿದ್ದ. ಗೋಡೆಯ ಮೇಲೆ ಪಾನಾಗಳು ಮಾತ್ರ ಶಿಸ್ತಾಗಿ ಸಾಲು ನಿಂತಿದ್ದವು.

"ಹೇಗೆ ಕೂರಿಸ್ತೀಯ, ನನಗೆ ತೋರಿಸು. ನಾನು ಬಸ್ಸಿನ ಆಕ್ಸಲ್ ನೋಡಿದೋಳು, ಇದನ್ನ ನೋಡಿಲ್ಲ."

ಅವನು ಬೇರೊಂದು ಸೈಕಲನ್ನು ಸ್ಟ್ಯಾಂಡಿಗೆ ಏರಿಸಿದ. ಬ್ರೇಕೂ ಗೇರೂ ಒಂದರಲ್ಲೇ ಇರುವ ಲಿವರು, ಬಾರಿನ ಬಾಗಿನ ಮೇಲೆ ಒಂದು ಬಳೆಯಂಥ ಪಟ್ಟಿಯಿಂದ ಹಿಡಿದು ಕೂತಿತ್ತು. ಪಟ್ಟಿಯನ್ನು ಬಿಗಿಯುವುದು ಒಂದೇ ಒಂದು ಬೋಲ್ಟು.

"ಕಬ್ಬಿಣ ಆದ್ರೆ ಜೋರು ಬಿಗಿ ಮಾಡಿದ್ರೂ ನಗ್ಗುತ್ತದೆ, ಕಣ್ಣಿಗೆ ಕಾಣ್ತದೆ. ಕಾರ್ಬನ್ ಹಾಗಲ್ಲ ಅಮ್ಮ. ಒಳಗೇ ಸೀಳ್ತದೆ, ಹೊರಗೆ ಎಂತದೂ ಕಾಣುದಿಲ್ಲ. ಮತ್ತೆ ಒಂದು ದಿನ ಹೊಂಡಕ್ಕೆ ಬಿದ್ದಾಗ ಪಟ್ಟಂತ ಹೋಗ್ತದೆ. ಅದಕ್ಕೆ ಮರಳಿನ ಹಾಗೆ ತರಿತರಿ ಇರುವ ಈ ಪೇಸ್ಟ್ ಹಚ್ಚುದು. ಕಡಿಮೆ ಬಿಗಿಯಲ್ಲೂ ಜಾರುದಿಲ್ಲ. ಈ ಬಾರಿಗೆ ಬಿಗಿ ಐದು ನ್ಯೂಟನ್-ಮೀಟರ್, ಅದಕ್ಕಿಂತ ಮೇಲೆ ಹೋಗ್ಬಾರ್ದು. ಈ ಪಾನಾ ಐದಕ್ಕೆ ಇಟ್ರೆ ಐದಕ್ಕೆ ಟಿಕ್ ಅಂತದೆ."

"ಟಿಕ್ ಅಂತದೆ ಅಂತ ನೀನು ಅಂತೀಯ," ಎನ್ನುತ್ತ ಕೌಸಲ್ಯಾಬಾಯಿ ಕೈಚೀಲದಿಂದ ಅಳತೆಪಟ್ಟಿ ತೆಗೆದರು. ಬೋಲ್ಟಿನಿಂದ ಇಪ್ಪತ್ತು ಸೆಂಟಿಮೀಟರು ಅಳೆದು, ಪಾನಾದ ಹಿಡಿಗೆ ಕೊಕ್ಕೆ ತಕ್ಕಡಿ ಸಿಕ್ಕಿಸಿ, ಅಡ್ಡಕ್ಕೆ ಎಳೆಯಲು ನನಗೆ ಹೇಳಿದರು. ಮುಳ್ಳು ಎರಡೂವರೆ ಕಿಲೋ ದಾಟಿ ಒಂದು ಕೂದಲೆಳೆ ಸರಿದಾಗ ಟಿಕ್ ಎಂದಿತು. ಮೂರು ಸಲ ಎಳೆದೆ, ಮೂರು ಸಲವೂ ಅಲ್ಲೇ.

"ಇಪ್ಪತ್ತು ಸೆಂಟಿಮೀಟರಿಗೆ ಎರಡೂವರೆ ಕಿಲೋ ಅಂದರೆ ಐದೇ. ಪಾನಾ ಸುಳ್ಳು ಹೇಳ್ತಿಲ್ಲ," ಎಂದರು. "ಆಮೇಲೆ?"

"ಎರಡೂ ಬದಿ ಟೇಪು ಸುತ್ತಿ, ಮೇಲೆ ನನ್ನ ಚೀಟಿ ಅಂಟಿಸಿದೆ. ಎಡದ್ದು ಐದಕ್ಕೆ ಬಿಗಿ ಮಾಡಿ ಗೆರೆ ಎಳ್ದೆ. ಬಲದ್ದು ಮೂರಕ್ಕೆ ಬಿಟ್ಟೆ. ಸತ್ಯಣ್ಣನಿಗೆ ಬಲಗೈ ಮಣಿಕಟ್ಟು ನೋವು, ಅವರು ಕೂತು ನೋಡಿ ಹೇಳಿದ ಮೇಲೆ ಚೂರು ಒಳಗೆ ತಿರುಗಿಸುವಾ ಅಂತ."

"ಗೆರೆ ಅಂದರೆ?"

ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನವರಿಂದ ಕಲಿತ ಅಭ್ಯಾಸವಂತೆ. ಬೋಲ್ಟು ಬಿಗಿದು ಮುಗಿದ ಮೇಲೆ ಅದರ ತಲೆಯಿಂದ ಪಕ್ಕದ ಲೋಹದವರೆಗೆ ಹಳದಿ ಬಣ್ಣದ ಒಂದು ಗೆರೆ. ಬೋಲ್ಟು ಆಮೇಲೆ ಎಳ್ಳಷ್ಟು ತಿರುಗಿದರೂ ಗೆರೆ ತುಂಡಾಗಿ ಹೇಳಿಬಿಡುತ್ತದೆ. ಅಂಗಡಿಯಲ್ಲಿದ್ದ ಸೈಕಲುಗಳ ಮೇಲೆಲ್ಲ ಹಳದಿ ಗೆರೆಗಳಿದ್ದವು.

"ಟೇಪು ಸುತ್ತಿ ಆಯ್ತಲ್ಲ, ಮತ್ತೆ ಬಲದ ಬೋಲ್ಟಿಗೆ ಹೇಗೆ ಹೋಗ್ತೀಯ?"

ಸಂದೇಶ್ ಲಿವರಿನ ಮೇಲಿನ ರಬ್ಬರ್ ಹೊದಿಕೆಯ ಅಂಚನ್ನು ಹೆಬ್ಬೆರಳಿನಿಂದ ಸುಲಿದು ತೋರಿಸಿದ. ಕೆಳಗೆ ಬೋಲ್ಟಿನ ತಲೆ ಇಣುಕಿತು. ಟೇಪು ಇದ್ದ ಹಾಗೇ ಇತ್ತು.

"ಇದನ್ನ ಅವರಿಗೆ ಹೇಳಿದ್ಯಾ?"

"ಹೇಳ್ಲಿಕ್ಕೆ ಬಿಟ್ರೆ ಅಲ್ವಾ."

"ಸೈಕಲ್ ಯಾರ ಕೈಗೆ ಕೊಟ್ಟೆ? ಏನು ಹೇಳಿ ಕೊಟ್ಟೆ? ಒಂದು ಅಕ್ಷರ ಆಚೀಚೆ ಆಗದ ಹಾಗೆ ಹೇಳು."

ಸಂದೇಶ್ ಕಣ್ಣು ಮುಚ್ಚಿ ನೆನಪಿಸಿಕೊಂಡ. "ಸತ್ಯಣ್ಣ ಕಾಂಚೀಪುರಕ್ಕೆ ಮದುವೆಗೆ ಹೋಗಿದ್ರು. ಅವರ ತಮ್ಮ ಸಮೀರ್ ಇದ್ರು, ಕಿವಿಯಲ್ಲಿ ಫೋನಿನ ವೈರು. ನಾನು ಹೇಳ್ದೆ, 'ಎಡ ಆಗಿದೆ. ಬಲ ಬಿಗಿ ಮಾಡ್ಲಿಕ್ಕುಂಟು. ಸೋಮವಾರ ನಾನೇ ಬರ್ತೇನೆ, ಅಷ್ಟರ ತನಕ ಓಡಿಸ್ಬಾರ್ದು ಅಂತ ಅಣ್ಣನಿಗೆ ಹೇಳಿ.' ಅವರು ಸರಿ ಸರಿ ಅಂದ್ರು."

ಕೌಸಲ್ಯಾಬಾಯಿ ಆ ಮಾತನ್ನು ತುಟಿಯಲ್ಲೇ ಎರಡು ಸಲ ಹೇಳಿಕೊಂಡರು. ಗಂಟೆ ಒಂದು ಆಗಿತ್ತು.

ಸತ್ಯಾತ್ಮನ ಮನೆ ಅಲ್ಲಿಂದ ನಾಲ್ಕು ಬೀದಿ ಆಚೆ, ಮೂರನೆಯ ಮಹಡಿಯಲ್ಲಿ. ಮದರಾಸಿನಲ್ಲಿ ನಾಲ್ಕು ತಲೆಮಾರು ಕಳೆದ ಮಾಧ್ವರ ಮನೆ. ತಂದೆತಾಯಿ ಮಂತ್ರಾಲಯಕ್ಕೆ ಹೋಗಿ ಹತ್ತು ದಿನವಾಗಿತ್ತು, ಇದ್ದವರು ಅಣ್ಣತಮ್ಮ ಇಬ್ಬರೇ. ಸತ್ಯಾತ್ಮ ಸೋಫಾದಲ್ಲಿ ಎಡಗೈಯನ್ನು ಜೋಳಿಗೆಯಲ್ಲಿ ನೇತುಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ಕ್ಲಬ್ಬಿನ ನಾಯಕ ತೇಜಸ್. ನಮ್ಮ ಕಡೆಯ ಹೋಟೆಲಿನವರ ಹುಡುಗನೇ, ಆದರೆ ಕನ್ನಡದಲ್ಲಿ ಕೇಳಿದರೆ ತಮಿಳು ಬೆರೆಸಿ ಉತ್ತರಿಸುವ ಪೈಕಿ. ಮುರಿದ ಸೈಕಲು ಗೋಡೆಗೆ ಒರಗಿತ್ತು.

"ಬಾ ಪಾ ಸಮೀರ್," ಎಂದರು ಕೌಸಲ್ಯಾಬಾಯಿ ಒಳಗಿನಿಂದ ಬಂದ ತಮ್ಮನಿಗೆ. "ನೀನೂ ಕೂತುಕೊ. ಆ ಬಲದ ಕುರ್ಚಿ ಎಳೆದುಕೊ."

ಅವರ ಎಡಕ್ಕೊಂದು ಬಲಕ್ಕೊಂದು ಕುರ್ಚಿಗಳಿದ್ದವು. ಸಮೀರ್ ಎಡಗಡೆಯದನ್ನು ಹಿಡಿದು ನೆಲ ಕಿರ್ರೆನ್ನುವಂತೆ ಜಗ್ಗಿದ. ಸತ್ಯಾತ್ಮ ಮುಖ ಕಿವಿಚಿದ. ಕೌಸಲ್ಯಾಬಾಯಿ ಮುಗುಳ್ನಕ್ಕರು.

ಕಾಫಿ ಬಂತು. ತಂದವನು ಸಮೀರನೇ. ಲೋಟವನ್ನು ನನಗೆ ಎಡಗೈಯಲ್ಲಿ ಕೊಟ್ಟ, ಕೌಸಲ್ಯಾಬಾಯಿಯವರಿಗೂ ಎಡಗೈಯಲ್ಲೇ. ನಮ್ಮ ಹೋಟೆಲಿನಲ್ಲಿ ಯಾವನಾದರೂ ಸರ್ವರ್ ಹೀಗೆ ಮಾಡಿದ್ದರೆ ಸಂಜೆಯ ರೈಲಿಗೆ ಹತ್ತಿಸುತ್ತಿದ್ದೆ. ಇದು ಹೊಸ ಕಾಲದ ಮರ್ಯಾದೆಯಿರಬಹುದೆಂದು ನುಂಗಿಕೊಂಡೆ.

"ಅವನ್‌ದಾನ್ ಮಾಮಿ, ಡೌಟೇ ಇಲ್ಲ," ಎಂದ ತೇಜಸ್. ಅವನೇ, ಅನುಮಾನವೇ ಇಲ್ಲ ಎಂದು ಅರ್ಥ. "ಟೇಪ್ ನೋಡಿ. ಅವನ ಚೀಟಿ ಕೂಡ ಹರಿದಿಲ್ಲ. ಟೇಪ್ ಬಿಚ್ಚದೆ ಯಾರೂ ಕೈ ಹಾಕೋಕೆ ಚಾನ್ಸೇ ಇಲ್ಲ. ಹಾಗಾದ್ರೆ ಟೈಟ್ ಮಾಡಿದ್ದು ಯಾರು?"

"ಸೈಕಲ್ ಶನಿವಾರ ಸಾಯಂಕಾಲದಿಂದ ಇಲ್ಲೇ ಇತ್ತಾ?"

"ಇಲ್ಲೇ," ಎಂದ ಸಮೀರ್. "ನಾನ್ ತೊಡಲೇ ಇಲ್ಲ ಮಾಮಿ. ನಾನೂ ಮುಟ್ಟಲಿಲ್ಲ, ಯಾರೂ ಮುಟ್ಟಲಿಲ್ಲ. ಅಣ್ಣ ಬಂದ, ಮಲಗಿದ, ಎದ್ದು ಓಡಿಸಿಕೊಂಡು ಹೋದ."

"ಸೋಮವಾರದ ತನಕ ಓಡಿಸಬೇಡ ಅಂತ ಯಾರಾದರೂ ನಿನಗೆ ಹೇಳಿದ್ದರಾ?" ಎಂದು ಅವರು ಸತ್ಯಾತ್ಮನನ್ನು ಕೇಳಿದರು.

"ಇಲ್ಲ. ರೆಡಿ ಇದೆ ಅಂದ ಇವನು," ಎಂದು ಅವನು ತಮ್ಮನ ಕಡೆ ಬೆರಳು ಮಾಡಿದ.

ಕೌಸಲ್ಯಾಬಾಯಿ ಸೈಕಲಿನ ಮುಂದೆ ಮೊಣಕಾಲೂರಿದರು. ರಬ್ಬರನ್ನು ಸುಲಿದು, ಕೈಚೀಲದ ಭೂತಗನ್ನಡಿಯಿಂದ ಎಡದ ಬೋಲ್ಟನ್ನು ನೋಡಿದರು, ಬಲದ್ದನ್ನು ನೋಡಿದರು, ನನಗೂ ನೋಡಲು ಹೇಳಿದರು. ಎಡದ ಬೋಲ್ಟಿನ ಮೇಲೆ ಹಳದಿ ಗೆರೆ ತುಂಡಾಗದೆ ಇತ್ತು, ತಲೆಯ ಗುಳಿಯ ಆರು ಮೂಲೆಗಳೂ ಚೂಪಾಗಿದ್ದವು. ಬಲದ ಬೋಲ್ಟಿನಲ್ಲಿ ಗೆರೆಯೇ ಇರಲಿಲ್ಲ. ಮೂಲೆಗಳು ಸವೆದು ದುಂಡಗಾಗಿದ್ದವು.

"ಕಂಪ್ಲೇಂಟ್ ಓದಲಾ?" ಎಂದರು ಎದ್ದು.

ಟೈಪು ಮಾಡಿದ ಎರಡು ಹಾಳೆ. ಬರೆದವನು ಸಮೀರ್. ಮೊದಲ ಹಾಳೆಯ ಕೊನೆಯಲ್ಲಿ ಹೀಗಿತ್ತು: ಸೈಕಲ್ ಕೊಡುವಾಗ ಮೆಕ್ಯಾನಿಕ್ಕೇ ತನ್ನ ಬಾಯಿಂದ 'ಬಲಮಾ ಟೈಟ್ ಮಾಡಿದ್ದೇನೆ' ಎಂದು ಜಂಭದಿಂದ ಹೇಳಿದ.

ಕೌಸಲ್ಯಾಬಾಯಿ ಹಾಳೆಯನ್ನು ಮಡಚಿ ವಾಪಸು ಕೊಟ್ಟರು. "ಆರು ಗಂಟೆಗೆ ತಾನೆ ಸ್ಟೇಷನ್? ನಾಲ್ಕು ಗಂಟೆಗೆ ನಮ್ಮ ಹೋಟೆಲಿಗೆ ಬನ್ನಿ. ಸೈಕಲೂ ತನ್ನಿ. ಆಮೇಲೂ ಕೊಡಬೇಕು ಅನ್ನಿಸಿದರೆ ನಾನೇ ನಿಮ್ಮ ಜತೆ ಬಂದು ಕೊಡಿಸ್ತೀನಿ."

ನಾಲ್ಕಕ್ಕೆ ನಾನು ಒಳಗಿನ ಕೋಣೆಯ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು, ಗಿರಾಕಿಗಳನ್ನು ಹೊರಗಿನ ಹಾಲಿನಲ್ಲೇ ಕೂರಿಸಿದೆ. ಒಂದು ಬದಿಗೆ ಸತ್ಯಾತ್ಮ, ಸಮೀರ್, ತೇಜಸ್. ಎದುರಿಗೆ ಸಂದೇಶ್, ಅವನ ತೋಳು ಹಿಡಿದುಕೊಂಡು ವಿಮಲಾ. ಮಗ ಎದ್ದು ಹೋಗದಿರಲೆಂದೋ, ಪೊಲೀಸರು ಎಳೆದೊಯ್ಯದಿರಲೆಂದೋ, ಆ ಹಿಡಿತ ಸಡಿಲವಾಗಲಿಲ್ಲ. ಟೇಬಲಿನ ಮೇಲೆ ಮುರಿದ ಸೈಕಲು ಮಲಗಿತ್ತು. ನಮ್ಮ ಟೇಬಲಿನ ಮೇಲೆ ಇಷ್ಟು ದೊಡ್ಡ ಆರ್ಡರ್ ಯಾವತ್ತೂ ಬಂದಿರಲಿಲ್ಲ.

"ತೇಜಸ್," ಎಂದು ಶುರುಮಾಡಿದರು ಕೌಸಲ್ಯಾಬಾಯಿ, "ನಿನ್ನ ವಾದ ಬೀಗ ಹಾಕಿದ ಕೋಣೆಯ ವಾದ. ಟೇಪು ಬಾಗಿಲು, ಚೀಟಿ ಬೀಗ. ಸರಿ. ಈ ಕೋಣೆಗೆ ಕಿಟಕಿ ಇದೆ ಪಾ." ಅವರು ಬಲದ ಲಿವರಿನ ರಬ್ಬರನ್ನು ಹೆಬ್ಬೆರಳಿನಿಂದ ಸುಲಿದರು. "ಟೇಪು ಹಾಗೇ ಇದೆ, ಬೋಲ್ಟು ಹೊರಗಿದೆ. ಎಷ್ಟು ವರ್ಷದಿಂದ ಸೈಕಲ್ ಓಡಿಸ್ತಿದ್ದೀಯ?"

"ಆರು," ಎಂದ ತೇಜಸ್, ಬೋಲ್ಟನ್ನು ದಿಟ್ಟಿಸುತ್ತ. "ಆನಾ... ಆದ್ರೆ ಇದು... ಸರ್ವಿಸ್‌ಗೆ ಕೊಡೋದೇ ಮಾಮಿ, ನಾವು ಕೈ ಹಾಕಲ್ಲ."

"ಹಾಗಾದ್ರೂ ಅವನೇ ಮಾಡಿರಬಹುದಲ್ಲ?" ಎಂದ ಸತ್ಯಾತ್ಮ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಾಗಿತ್ತು. ಲಾರಿಯ ಚಕ್ರ ಅವನ ಕಣ್ಣ ಮುಂದಿನಿಂದ ಇನ್ನೂ ಹೋಗಿರಲಿಲ್ಲ.

"ಮಾಡಿರಬಹುದು. ಅದಕ್ಕೇ ಅವನ ಪಾನಾ ನೋಡಿದೆ. ಅದು ಐದಕ್ಕೆ ಟಿಕ್ ಅನ್ನುತ್ತೆ, ಎಳೆದು ನೋಡಿದ್ದು ಕಾಂತಪ್ಪನವರೇ. ಈ ಬೋಲ್ಟಿನ ಮೂಲೆ ಸವೆದಿದೆ. ಟಿಕ್ ಅನ್ನೋ ಪಾನಾದಲ್ಲಿ ಹೀಗೆ ಸವೆಯೋಲ್ಲ. ಬಗ್ಗಿದ ಕಂಬಿಯಂಥ ಅಗ್ಗದ ಅಲೆನ್ ಕೀ, ಅದರ ಮೇಲೆ ಮೈಭಾರ ಹಾಕಿದರೆ ಸವೆಯುತ್ತೆ. ಬೇರೆ ಕೀ ತಗೊಂಡು ಬೇಕಂತಲೇ ಮಾಡಿದ ಅಂತೀರಾ? ಹಾಗೆ ಮಾಡೋನು ಮೊದಲು ಏನು ಮಾಡ್ತಿದ್ದ? ಎಲ್ಲ ಬೋಲ್ಟಿನ ಮೇಲೂ ಎಳೆಯೋ ಆ ಹಳದಿ ಗೆರೇನ ಇದರ ಮೇಲೂ ಎಳೀತಿದ್ದ. ಎಡಕ್ಕೆ ಗೆರೆ ಇದೆ, ಬಲಕ್ಕೆ ಇಲ್ಲ. ಅಂದರೆ ಸೈಕಲ್ ಅವನ ಕೈ ಬಿಟ್ಟಾಗ ಬಲದ ಕೆಲಸ ಮುಗಿದಿರಲಿಲ್ಲ. ಅವನೂ ಅದನ್ನೇ ಹೇಳಿದ್ದು."

ಅವರು ಕಂಪ್ಲೇಂಟಿನ ಹಾಳೆ ಕೇಳಿ ಪಡೆದು ಆ ಸಾಲಿನ ಮೇಲೆ ಬೆರಳಿಟ್ಟರು.

"ಇಲ್ಲಿ ನನಗೆ ಖುಷಿಯಾಯ್ತು. ಸುಳ್ಳು ಹೇಳೋರು ಪೂರ್ತಿ ಸುಳ್ಳು ಹೇಳೋಲ್ಲ, ಒಂದು ನಿಜ ಇಟ್ಟುಕೊಂಡು ಅದರ ಸುತ್ತ ಕಟ್ತಾರೆ. 'ಬಲಮಾ' ಅಂತ ಇದೆ. ತಮಿಳಿನಲ್ಲಿ ಬಲಮಾ ಅಂದರೆ ಜೋರಾಗಿ, ಶಕ್ತಿ ಹಾಕಿ. ಸಂದೇಶ್ ಘಟ್ಟದ ಕೆಳಗಿನೋನು. ಜೋರು ಅಂತಾನೆ, ಬಲವಾಗಿ ಅನ್ನೋಲ್ಲ. ಬೆಳಿಗ್ಗೆಯಿಂದ ಒಂದು ಸಲಾನೂ ಅನ್ನಲಿಲ್ಲ. ಅವನು ಬಲ ಅಂದದ್ದು ಒಂದೇ ಅರ್ಥಕ್ಕೆ. ಸಂದೇಶ್, ಏನು ಹೇಳಿದ್ದೆ?"

"ಬಲ ಬಿಗಿ ಮಾಡ್ಲಿಕ್ಕುಂಟು."

"ಬಲಗಡೆಯದ್ದು ಇನ್ನೂ ಬಿಗಿ ಮಾಡೋದಿದೆ. ಅಷ್ಟೇ. ಆದರೆ ಲೆಫ್ಟು ರೈಟು ಅಂತಲೇ ಬೆಳೆದ ಮದರಾಸಿನ ಹುಡುಗ, ಒಂದು ಕಿವೀಲಿ ಆಫೀಸಿನ ಫೋನು, ಇನ್ನೊಂದು ಕಿವೀಲಿ ಇದು. ಅವನಿಗೆ ಏನು ಕೇಳಿಸ್ತು? ಬಲಮಾ ಬಿಗಿ ಮಾಡಬೇಕು. ಸೋಮವಾರದ ತನಕ ಓಡಿಸಬಾರದು ಅನ್ನೋದು ಫೋನಿನಲ್ಲಿ ಮುಳುಗಿಹೋಯ್ತು. ನನಗೆ ಅನುಮಾನ ಇತ್ತು. ಅದಕ್ಕೇ ಮಧ್ಯಾಹ್ನ ಬಲದ ಕುರ್ಚಿ ಎಳೆದುಕೊ ಅಂದೆ. ಎಡದ ಕುರ್ಚಿನ ನೆಲ ಕಿತ್ತುಹೋಗೋ ಹಾಗೆ ಎಳೆದ."

ಸಮೀರ್ ತನ್ನ ಎರಡೂ ಕೈಗಳನ್ನು ಟೇಬಲಿನ ಕೆಳಗೆ ಸರಿಸಿದ.

"ಕಾಂತಪ್ಪ, ನೀವು ಅಲ್ಲಿ ಇನ್ನೇನೋ ನೋಡಿದಿರಲ್ಲ. ಮುಖ ಹುಳ್ಳಗೆ ಮಾಡಿಕೊಂಡಿರಿ."

ನನ್ನನ್ನು ಸಾಕ್ಷಿಗೆ ಕರೆದದ್ದು ಇದೇ ಮೊದಲು. ಗಂಟಲು ಸರಿಮಾಡಿಕೊಂಡೆ. "ಕಾಫಿ ಎಡಗೈಯಲ್ಲಿ ಕೊಟ್ಟರು. ಆಚಾರದ ಮನೆಯಲ್ಲಿ."

"ಬಲಗೈ ತೋರಿಸು ಸಮೀರ್."

ಅವನು ತೋರಿಸಲಿಲ್ಲ. ಸತ್ಯಾತ್ಮ ತನ್ನ ನೆಟ್ಟಗಿದ್ದ ಕೈಯಿಂದ ತಮ್ಮನ ಮಣಿಕಟ್ಟು ಹಿಡಿದು ಮೇಲೆತ್ತಿದ. ಅಂಗೈಗೆ ಅಡ್ಡಲಾಗಿ, ಬೆರಳಗಲದ ಒಂದು ನೀಲಿಗಟ್ಟಿದ ಬರೆ. ಮಧ್ಯದಲ್ಲಿ ಒಡೆದ ಬೊಬ್ಬೆ.

"ಮಂಚದ ಜತೆ ಬಂದ ಕೀ," ಎಂದ ಸಮೀರ್. ಅವನ ತಮಿಳೂ ಕನ್ನಡವೂ ಕಲಸಿಹೋಗಿದ್ದವು. "ಅವನ್ ಬಲಮಾ ಬಿಗಿ ಮಾಡಬೇಕು ಅಂದ ಮಾಮಿ, ಸತ್ತಿಯಮಾ, ದೇವರಾಣೆ. ಹುಡುಕಿದೆ, ರಬ್ಬರ್ ಒಳಗೆ ಒಂದು ಬೋಲ್ಟ್ ಲೂಸ್ ಇತ್ತು. ಅಣ್ಣ ಬೆಳಿಗ್ಗೆ ಓಡಿಸ್ತಾನೆ, ಬಿಟ್ಟುಹೋಗಬಾರದು ಅಂತ ಎರಡು ಕೈ ಹಾಕಿ ತಿರುಗಿಸಿದೆ. ನಾನ್ ಅಣ್ಣನ್ನ ಕೊಲ್ಲೋಕಾ ಮಾಡಿದೆ?"

"ಅಲ್ಲ," ಎಂದರು ಕೌಸಲ್ಯಾಬಾಯಿ. "ಶನಿವಾರದ್ದು ಕಿವಿಯ ತಪ್ಪು. ಅದಕ್ಕೆ ನಾನು ಇಷ್ಟು ಜನರನ್ನ ಕರೀತಿರಲಿಲ್ಲ. ಭಾನುವಾರ ಬಾರ್ ಎಲ್ಲಿ ಮುರಿದಿದೆ ಅಂತ ನೋಡಿದಾಗಲೇ ನಿನಗೆ ಗೊತ್ತಾಯ್ತು. ಆಮೇಲೆ ನೀನು 'ಮಾಡಬೇಕು' ಅನ್ನೋದನ್ನ 'ಮಾಡಿದ್ದೇನೆ' ಅಂತ ಬದಲಾಯಿಸಿ ಟೈಪ್ ಮಾಡಿದೆ. ಒಂದೇ ಒಂದು ಕ್ರಿಯಾಪದ. ಅದರಲ್ಲಿ ಇವನು ಜೈಲಿಗೆ ಹೋಗ್ತಿದ್ದ."

ಸಮೀರ್ ಅಣ್ಣನ ಮುಖ ನೋಡಿದ. ಸತ್ಯಾತ್ಮ ಇನ್ನೂ ಅವನ ಮಣಿಕಟ್ಟು ಹಿಡಿದೇ ಇದ್ದ.

"ಕ್ಯಾಶುವಾಲ್ಟಿ ಹೊರಗೆ ಕೂತು ಅಳ್ತಿದ್ಯಲ್ಲ," ಎಂದ ಸತ್ಯಾತ್ಮ ನಿಧಾನವಾಗಿ. "ನನಗೋಸ್ಕರ ಅಂದುಕೊಂಡೆ."

"ನಿನಗೋಸ್ಕರಾನೇ. ಅಮ್ಮ ಅಪ್ಪ ಬಂದು ಕೇಳಿದರೆ ಏನು ಹೇಳಲಿ ಅಂತಾನೂ."

ಸತ್ಯಾತ್ಮ ಕೈ ಬಿಟ್ಟ. ಕಂಪ್ಲೇಂಟಿನ ಹಾಳೆಗಳನ್ನು ಒಂದೇ ಕೈಯಲ್ಲಿ ಕಷ್ಟಪಟ್ಟು ಮಡಚಿ ಜೇಬಿಗೆ ಹಾಕಿಕೊಂಡ. ಆಮೇಲೆ ಸಂದೇಶನ ಕಡೆ ನೋಡಲಾಗದೆ ತೇಜಸ್‌ನ ಕಡೆ ನೋಡಿದ. ತೇಜಸ್ ಗೋಡೆಯ ಮೇಲಿನ ದರಪಟ್ಟಿಯನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದ.

"ಕಂಪ್ಲೇಂಟ್ ಕೊಡಲ್ಲ ಮಾಮಿ. ಇಲ್ಲಿಗೆ ಮುಗೀತು."

"ಯಾರಿಗೆ ಮುಗೀತು?" ಎಂದಳು ವಿಮಲಾ.

ಇನ್ನೊಂದು ಕೈಯಿಂದ ಅವಳು ಅವನ ಜೇಬನ್ನು ತೋರಿಸಿದಳು. "ನೀವು ಕಾಗದ ಮಡಚಿ ಕಿಸೆಗೆ ಹಾಕಿದ್ರಿ ಸರ್, ಒಳ್ಳೆದಾಯ್ತು. ಇವನ ಫೋಟೋ ಇನ್ನೂರು ಜನರ ಫೋನಲ್ಲುಂಟು. ಅದನ್ನು ಯಾರು ಮಡಚುದು?"

ಕೌಸಲ್ಯಾಬಾಯಿ ಸಮೀರನ ಕಡೆ ತಿರುಗಿದರು.

"ಬರಿ," ಎಂದ ಸತ್ಯಾತ್ಮ ತಮ್ಮನಿಗೆ.

"ಅಣ್ಣಾ, ಎಲ್ಲರೂ... ಆಫೀಸಿನೋರೂ ಇದಾರೆ ಗ್ರೂಪಲ್ಲಿ."

"ಬರಿ ಅಂದೆನಲ್ಲ."

ಸಮೀರ್ ಫೋನು ತೆಗೆದ. ಬೊಬ್ಬೆ ಬಂದ ಕೈಯಲ್ಲಿ ಆಗದೆ ಎಡಗೈಯ ಒಂದು ಬೆರಳಿನಿಂದ ಒತ್ತತೊಡಗಿದ. ಎರಡು ಸಲ ಅಳಿಸಿದ. ಹೊರಗಡೆ ಯಾರೋ ಇನ್ನೂ ಎರಡು ವಡೆ ಕೇಳುತ್ತಿದ್ದರು. ಐದು ನಿಮಿಷವಾಗಿರಬೇಕು. ಕೊನೆಗೆ ತೇಜಸ್‌ನ ಫೋನೂ ಸತ್ಯಾತ್ಮನ ಫೋನೂ ಒಟ್ಟಿಗೆ ಟಿಣ್ ಎಂದವು.

ವಿಮಲಾಳ ಫೋನು ಮಾತ್ರ ಏನೂ ಅನ್ನಲಿಲ್ಲ. ಅವಳು ಆ ಗುಂಪಿನಲ್ಲಿರಲಿಲ್ಲ, ತಮಿಳು ಓದಲೂ ಬರುತ್ತಿರಲಿಲ್ಲ. "ಎಂತ ಬರ್ದ?" ಎಂದು ನನ್ನನ್ನು ಕೇಳಿದಳು.

ತೇಜಸ್ ಫೋನನ್ನು ನನ್ನ ಕಡೆ ಚಾಚಿದ. ನಾನು ಕನ್ನಡ ಮಾಡಿ ಓದಿದೆ: "ಸೈಕಲ್ ಮುರಿದದ್ದು ನನ್ನಿಂದ. ಬೋಲ್ಟು ಬಿಗಿದವನು ನಾನು, ಸಂದೇಶ್ ಅಲ್ಲ. ಅವರ ಮೇಲೆ ನಾನು ಬರೆದದ್ದು ಸುಳ್ಳು, ಗೊತ್ತಿದ್ದೇ ಬರೆದೆ. ಸಮೀರ್."

"ಇನ್ನೊಮ್ಮೆ ಓದಿ ಕಾಂತಪ್ಪಣ್ಣ."

ಓದಿದೆ. ಅವಳ ತುಟಿ ನನ್ನ ಜತೆಗೇ ಅಲುಗುತ್ತಿತ್ತು.

"ಆ ಮಧ್ಯದ್ದು ಮಾತ್ರ ಇನ್ನೊಮ್ಮೆ."

"ಬೋಲ್ಟು ಬಿಗಿದವನು ನಾನು, ಸಂದೇಶ್ ಅಲ್ಲ."

ವಿಮಲಾ ಮಗನ ತೋಳು ಬಿಟ್ಟಳು. ಬೆಳಿಗ್ಗೆಯ ಹಿಟ್ಟು ಅವಳ ಉಗುರಿನ ಸಂದಿಯಲ್ಲಿ ಒಣಗಿತ್ತು, ಅವನ ಅಂಗಿಯ ತೋಳಿನ ಮೇಲೆ ಐದು ಬೆರಳಿನ ಸುಕ್ಕು ಬಿದ್ದಿತ್ತು. ಸಂದೇಶ್ ಎದ್ದು, ಟೇಬಲಿನ ಮೇಲಿನ ಸೈಕಲನ್ನು ಮುರಿದ ಬದಿ ತಾಗದಂತೆ ಎತ್ತಿ ಹೆಗಲಿಗೆ ಹಾಕಿಕೊಂಡ.

"ಇದನ್ನು ಎಲ್ಲಿಗೆ?" ಎಂದ ಸತ್ಯಾತ್ಮ.

"ಅಂಗಡಿಗೆ ಸರ್. ಶಟರ್ ತೆಗಿಲಿಕ್ಕುಂಟು."